ಶಿಶುಶಿಕ್ಷಣದ ವೃತ್ತಿಗೆ ಪ್ರೌಢಶಾಲೆಯಲ್ಲೇ ತಯಾರಿ: ಎಲ್ಲಿಂದ, ಹೇಗೆ ಆರಂಭಿಸಬೇಕು?

ಎಸ್‌ಎಸ್‌ಎಲ್‌ಸಿ ಮುಗಿಸುವ ಮಕ್ಕಳಿಗೆ ನಮ್ಮ ಶಾಲೆಗಳು ವಿಜ್ಞಾನ, ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾ ಎಂದು ಹಲವು ದಾರಿ ತೋರಿಸುತ್ತವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದೂ ಒಂದು ವೃತ್ತಿ ಎಂದು ಹೇಳುವುದು ಮಾತ್ರ ಅಪರೂಪ. ಹೇಳಿದರೂ ಅಂಕ ಕಡಿಮೆ ಬಂದ ಹುಡುಗಿಯರಿಗೆ ಉಳಿದ ಕೊನೆಯ ಆಯ್ಕೆ ಎಂಬಂತೆ ಹೇಳುತ್ತೇವೆ. ಇದು ಬದಲಾಗಲೇಬೇಕು. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಹೆಚ್ಚು ಭಾಗ ಆರು ವರ್ಷ ತುಂಬುವುದರೊಳಗೆ ನಡೆಯುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಂಥ ವರ್ಷಗಳನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಕೆಲಸ ನಡೆಯುವ ಜಾಗಗಳು ಹಲವು: ಅಂಗನವಾಡಿ, ಕರ್ನಾಟಕ ಪಬ್ಲಿಕ್ ಶಾಲೆಗಳ ಎಲ್‌ಕೆಜಿ–ಯುಕೆಜಿ, ಖಾಸಗಿ ನರ್ಸರಿ, ಗ್ರಾಮ ಪಂಚಾಯಿತಿಯ ಕೂಸಿನ ಮನೆ (ಶಿಶುಪಾಲನಾ ಕೇಂದ್ರ). 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟಗಳು ಕಾರ್ಮಿಕರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರ ನಡೆಸಬೇಕೆಂಬ ನಿಯಮವೂ ಇದೆ. ಈ ಜಾಗಗಳಿಗೆ ಬೇಕಾದ ಕೌಶಲದ ಬೀಜವನ್ನು ಪ್ರೌಢಶಾಲೆಯಲ್ಲೇ ಬಿತ್ತಲು ಪ್ರತ್ಯೇಕ ಪಠ್ಯಪುಸ್ತಕವಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಮನಸ್ಸಿರುವ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕರು, ಹತ್ತಿರದಲ್ಲೊಂದು ಅಂಗನವಾಡಿ, ವಿದ್ಯಾರ್ಥಿಗೊಂದು ನೋಟ್‌ಬುಕ್ ಇದ್ದರೆ ಸಾಕು.

ಒಂಬತ್ತನೇ ತರಗತಿಯೇ ಸರಿಯಾದ ಸಮಯ

ಹತ್ತನೇ ತರಗತಿಯವರನ್ನು ಇದಕ್ಕೆ ಎಳೆಯಬೇಡಿ. ಅವರಿಗೆ ಪರೀಕ್ಷೆಯ ಒತ್ತಡವೇ ಸಾಕಷ್ಟಿರುತ್ತದೆ. ಒಂಬತ್ತನೇ ತರಗತಿಯಲ್ಲಿ ಆಸಕ್ತಿಯುಳ್ಳ ಐದಾರು ಮಂದಿಯನ್ನು ಮಾತ್ರ ಆರಿಸಿಕೊಳ್ಳಿ. ಆಯ್ಕೆಗೆ ಅಂಕಪಟ್ಟಿ ನೋಡುವುದಕ್ಕಿಂತ, ಮನೆಯಲ್ಲಿ ತಮ್ಮ–ತಂಗಿಯರನ್ನು ನೋಡಿಕೊಳ್ಳುವವರು ಯಾರು, ಚಿಕ್ಕ ಮಕ್ಕಳ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಯಾರಿಗಿದೆ ಎಂದು ಗಮನಿಸಿ. ಹುಡುಗರನ್ನೂ ಕರೆಯಿರಿ. ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಮಹಿಳೆಯರಿಗೆ ಮೀಸಲಾಗಿದ್ದರೂ, ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮತ್ತು ಮುಂದಿನ ಶಿಕ್ಷಕ ಕೋರ್ಸ್‌ಗಳ ಬಾಗಿಲು ಹುಡುಗರಿಗೂ ತೆರೆದಿದೆ.

ತಿಂಗಳ ಆಯ್ಕೆಯೂ ಮುಖ್ಯ. ಜುಲೈ, ಆಗಸ್ಟ್‌ನಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮಳೆ ಹಿಡಿದರೆ ಅಂಗನವಾಡಿಗೆ ಬರುವ ಮಕ್ಕಳೇ ಕಡಿಮೆ. ಕಾಫಿ ಕೊಯ್ಲು ಆರಂಭವಾಗುವ ನವೆಂಬರ್‌ನಿಂದ ತಾಯಂದಿರು ಬೆಳಿಗ್ಗೆಯೇ ತೋಟಕ್ಕೆ ಹೊರಡುತ್ತಾರೆ, ಲೈನ್ ಮನೆಗಳಿಗೆ (ತೋಟದ ಕಾರ್ಮಿಕರ ಸಾಲು ಮನೆಗಳಿಗೆ) ಹೊಸ ಕುಟುಂಬಗಳು ಬರುತ್ತವೆ, ನಾನಾ ಮಾತಿನ ಮಕ್ಕಳು ಒಂದೆಡೆ ಸೇರುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಅರಸೀಕೆರೆ, ಕಡೂರಿನಂಥ ಬಯಲು ಸೀಮೆಯ ಶಾಲೆಗಳಿಗೆ ಮಳೆಯ ಅಡ್ಡಿ ಅಷ್ಟಿಲ್ಲದ್ದರಿಂದ ಅವರು ಮೊದಲೇ ಆರಂಭಿಸಬಹುದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಭೇಟಿ ಧಾರಾಳವಾಯಿತು.

ಅನುಮತಿ ಪಡೆಯುವ ಕ್ರಮ

ಗುರುತಿನವರೆಂದು ನೇರವಾಗಿ ಅಂಗನವಾಡಿಗೆ ನುಗ್ಗುವುದು ತಪ್ಪು. ಮುಖ್ಯ ಶಿಕ್ಷಕರ ಸಹಿಯಿರುವ ಪತ್ರವನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಟ್ಟು, ವೃತ್ತದ ಮೇಲ್ವಿಚಾರಕಿಗೂ ಅಂಗನವಾಡಿಯ ಬಾಲ ವಿಕಾಸ ಸಮಿತಿಗೂ ವಿಷಯ ತಿಳಿಸಿ. ವಿದ್ಯಾರ್ಥಿಗಳ ಪೋಷಕರಿಂದ ಒಪ್ಪಿಗೆ ಪತ್ರವನ್ನೂ ಪಡೆಯಿರಿ. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಬೇಡಿ. ಪುಟ್ಟ ಕೋಣೆಯಲ್ಲಿ ಆರು ಮಂದಿ ಅಪರಿಚಿತರು ಕುಳಿತರೆ ಮಕ್ಕಳು ಆಟ ಬಿಟ್ಟು ಅವರನ್ನೇ ನೋಡುತ್ತಾರೆ, ಕಾರ್ಯಕರ್ತೆಯ ಕೆಲಸವೂ ಕೆಡುತ್ತದೆ. ಆಹಾರ ಹಂಚಿಕೆ, ತೂಕ, ಲಸಿಕೆ, ಗರ್ಭಿಣಿಯರ ನೋಂದಣಿ, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ದಿನದ ವಿವರ ತುಂಬುವುದು ಎಲ್ಲವೂ ಆಕೆಯ ಮೇಲೆಯೇ ಇರುತ್ತದೆ. ವಿದ್ಯಾರ್ಥಿಗಳು ಅಲ್ಲಿಗೆ ಕಲಿಯಲು ಹೋಗುವವರೇ ಹೊರತು ಬಿಟ್ಟಿ ಸಹಾಯಕರಲ್ಲ ಎಂಬುದು ಎರಡೂ ಕಡೆಯವರಿಗೆ ಮೊದಲೇ ಸ್ಪಷ್ಟವಾಗಿರಲಿ.

ಸುರಕ್ಷತೆಯ ನಿಯಮಗಳಲ್ಲಿ ರಾಜಿಯೇ ಬೇಡ. ವಿದ್ಯಾರ್ಥಿ ಯಾವ ಮಗುವಿನೊಂದಿಗೂ ಒಂಟಿಯಾಗಿ ಇರಬಾರದು, ಶೌಚಾಲಯಕ್ಕೆ ಕರೆದೊಯ್ಯಬಾರದು, ಫೋಟೊ ತೆಗೆಯಬಾರದು. ಸ್ಟೇಟಸ್‌ಗೆ ಹಾಕುವುದಂತೂ ಕೂಡದು. ನೆಗಡಿ, ಜ್ವರ ಇದ್ದ ದಿನ ಹೋಗುವಂತಿಲ್ಲ. ಮಗುವಿನ ಮೈಮೇಲೆ ಗಾಯದ ಗುರುತು ಕಂಡರೆ ಅಥವಾ ಮಗು ಹೆದರಿಕೆಯ ಮಾತು ಆಡಿದರೆ ಅದನ್ನು ಗೆಳೆಯರ ನಡುವೆ ಹಂಚಿಕೊಳ್ಳದೆ ಶಿಕ್ಷಕರಿಗೆ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿ ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ.

ನೋಡಲು ಕಲಿಸುವುದು

ಇಡೀ ತಯಾರಿಯಲ್ಲಿ ನಾನು ಅತಿ ಹೆಚ್ಚು ಒತ್ತು ಕೊಡುವುದು ಈ ಹಂತಕ್ಕೆ. ಹಾಡು, ಕತೆ, ಚಾರ್ಟುಗಳನ್ನು ಯಾವ ತರಬೇತಿಯಲ್ಲಾದರೂ ಕಲಿಯಬಹುದು. ಮಗುವನ್ನು ನೋಡುವ ಕಣ್ಣು ಮಾತ್ರ ನಿಧಾನವಾಗಿ ಪಳಗುತ್ತದೆ, ಬೇಗ ಆರಂಭಿಸಿದವರಲ್ಲಿ ಚೆನ್ನಾಗಿ ಪಳಗುತ್ತದೆ.

ಮೊದಲ ಕೆಲವು ಭೇಟಿಗಳಲ್ಲಿ ವಿದ್ಯಾರ್ಥಿ ಏನನ್ನೂ ಕಲಿಸಬಾರದು. ಒಂದು ಮೂಲೆಯಲ್ಲಿ ನೆಲದ ಮೇಲೆ ಕುಳಿತು, ಒಂದೇ ಮಗುವನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನು ಬರೆಯಬೇಕು. ಮಗುವಿನ ಹೆಸರಿನ ಬದಲು ಒಂದು ಅಕ್ಷರ ಸಾಕು. ನೋಟ್‌ಬುಕ್‌ನ ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಅನ್ನಿಸಿದ್ದು. ಈ ಎರಡನ್ನೂ ಬೇರೆ ಮಾಡುವುದೇ ಕಷ್ಟದ ಕೆಲಸ. ಲೈನ್ ಮನೆಯಿಂದ ಬಂದ ನಾಲ್ಕು ವರ್ಷದ ಹುಡುಗಿಯೊಬ್ಬಳ ಬಗ್ಗೆ ವಿದ್ಯಾರ್ಥಿನಿ ‘ಈ ಮಗು ಮಂಕು, ಮಾತೇ ಆಡುವುದಿಲ್ಲ’ ಎಂದು ಎಡ ಪುಟದಲ್ಲಿ ಬರೆದಳು ಎಂದುಕೊಳ್ಳಿ. ಶಿಕ್ಷಕರು ಅದನ್ನು ಹೊಡೆದುಹಾಕದೆ, ‘ನೀನು ಕಣ್ಣಾರೆ ಕಂಡದ್ದೇನಮ್ಮಾ?’ ಎಂದು ಕೇಳಬೇಕು. ಆಗ ಬರುವ ಉತ್ತರ ಹೀಗಿರಬಹುದು: ‘ಹತ್ತು ನಿಮಿಷ ಯಾರೊಡನೆಯೂ ಮಾತಾಡಲಿಲ್ಲ. ಕಡ್ಡಿಗಳನ್ನು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ಜೋಡಿಸಿದಳು. ಟೀಚರ್ ಹೆಸರು ಹಿಡಿದು ಕರೆದ ಕೂಡಲೇ ತಿರುಗಿ ನೋಡಿದಳು. ಪಕ್ಕದ ಹುಡುಗ ಕಡ್ಡಿ ಕೇಳಿದಾಗ ಒಂದನ್ನು ಕೊಟ್ಟಳು.’ ಕಿವಿ ಕೇಳಿಸುತ್ತದೆ, ಅಳತೆಯನ್ನು ಹೋಲಿಸಬಲ್ಲಳು, ಹಂಚಿಕೊಳ್ಳಬಲ್ಲಳು ಎಂಬುದೆಲ್ಲ ಈ ನಾಲ್ಕು ವಾಕ್ಯಗಳಲ್ಲಿದೆ. ಮನೆಯ ಮಾತು ಅಸ್ಸಾಮಿಯೋ ಹಿಂದಿಯೋ ಆಗಿದ್ದು, ಕನ್ನಡ ಇನ್ನೂ ಕಿವಿಗೆ ಹೊಸದಾಗಿದ್ದರೆ ಮಗು ಕೆಲ ಕಾಲ ಸುಮ್ಮನಿರುವುದು ಸಹಜ. ‘ಮಂಕು’ ಎಂಬ ಮಾತು ಹಣೆಪಟ್ಟಿಯಾಗಿ ಒಂದನೇ ತರಗತಿಯವರೆಗೂ ಹಿಂಬಾಲಿಸಿದ್ದರೆ ಆ ಮಗುವಿಗೆ ಆಗುತ್ತಿದ್ದ ಅನ್ಯಾಯವನ್ನು ವಿದ್ಯಾರ್ಥಿನಿಗೆ ಅಲ್ಲೇ, ಆ ಪುಟದ ಮುಂದೆಯೇ ವಿವರಿಸಿ.

ನಂತರದ ಭೇಟಿಗಳಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆಯನ್ನು ಗಮನಿಸಲಿ. ಸಾಮಾನ್ಯವಾಗಿ ಮಗು ಮೂರು ವರ್ಷದ ಹೊತ್ತಿಗೆ ವೃತ್ತವನ್ನು, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆಯನ್ನು, ನಾಲ್ಕೂವರೆಯ ಆಸುಪಾಸಿನಲ್ಲಿ ಚೌಕವನ್ನು, ಐದರ ಹೊತ್ತಿಗೆ ತ್ರಿಕೋನವನ್ನು ನೋಡಿ ಬರೆಯಬಲ್ಲದು. ಕೆಲವು ತಿಂಗಳ ಹಿಂದುಮುಂದು ಇದ್ದೇ ಇರುತ್ತದೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ, ಮೂರು ವರ್ಷದ ಮಗುವಿನ ಬೆರಳು ಹಿಡಿದು ‘ಅ’ ತಿದ್ದಿಸುವುದು ಏಕೆ ಅವಸರ, ಅದಕ್ಕೆ ಮೊದಲು ಮಣ್ಣು ಮಿದಿಯುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು ಏಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಎಲ್‌ಕೆಜಿಯಲ್ಲೇ ಪುಟಗಟ್ಟಲೆ ಬರೆಸಿ ಎಂದು ಒತ್ತಾಯಿಸುವ ಪೋಷಕರಿಗೆ ಮುಂದೊಂದು ದಿನ ಉತ್ತರ ಹೇಳಬೇಕಾದವರು ಇವರೇ.

ಕೈಕೆಲಸ ಮತ್ತು ಕತೆ

ಇಷ್ಟಾದ ಮೇಲೆ ಕಲಿಕಾ ಸಾಮಗ್ರಿ ಮಾಡಿಸಿ. ರಾಜ್ಯದ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯಕ್ರಮದ ಚಟುವಟಿಕೆಗಳನ್ನು ಕಾರ್ಯಕರ್ತೆಯಿಂದ ಕೇಳಿ ತಿಳಿದು, ಆ ವಾರದ ವಿಷಯಕ್ಕೆ ಹೊಂದುವ ಒಂದೇ ವಸ್ತುವನ್ನು ತಯಾರಿಸಲಿ: ಹಳೆಯ ಸೀರೆಯ ಬಟ್ಟೆಗೊಂಬೆ, ಎಲೆ ಹೊಂದಿಸುವ ಆಟ, ರಟ್ಟಿನ ಚಿತ್ರಪಟ. ಒಂದು ಎಚ್ಚರಿಕೆ: ಕಾಫಿ ಬೀಜ, ಹುಣಸೆ ಬೀಜ, ಕಡಲೆ, ಸಣ್ಣ ಮಣಿಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು. ಬಾಯಿಗೆ, ಮೂಗಿಗೆ ಹಾಕಿಕೊಂಡು ಉಸಿರು ಕಟ್ಟುವ ಅಪಾಯವಿದೆ. ಪೋಣಿಸಲು ದೊಡ್ಡ ಮರದ ಮಣಿಗಳೇ ಆಗಬೇಕು. ಅಳಗುಳಿ ಮಣೆಯನ್ನು ಐದು ದಾಟಿದವರಿಗೆ, ಅದೂ ದೊಡ್ಡವರ ಎದುರಿನಲ್ಲಿ ಮಾತ್ರ ಆಡಿಸಬಹುದು. ಕತೆ ಹೇಳುವಾಗ ಪುಸ್ತಕ ಓದುವ ಬದಲು ಅಜ್ಜಿಯಿಂದ ಕೇಳಿದ ಕತೆಯನ್ನು ಐದು ನಿಮಿಷದಲ್ಲಿ, ಮಕ್ಕಳ ಕಣ್ಣು ನೋಡುತ್ತ ಹೇಳುವ ಅಭ್ಯಾಸ ಮಾಡಿಸಿ.

ಎಸ್‌ಎಸ್‌ಎಲ್‌ಸಿ ನಂತರದ ದಾರಿ

ಪಿಯುಸಿಯಲ್ಲಿ ಗೃಹ ವಿಜ್ಞಾನ, ಮನಃಶಾಸ್ತ್ರ, ಶಿಕ್ಷಣ ಶಾಸ್ತ್ರ ಈ ವೃತ್ತಿಗೆ ಹತ್ತಿರದ ವಿಷಯಗಳು. ಎಲ್ಲ ಕಾಲೇಜುಗಳಲ್ಲಿ ಇಲ್ಲದಿರುವುದರಿಂದ ಮೊದಲೇ ವಿಚಾರಿಸಿ. ಸಿಬಿಎಸ್‌ಇ ಶಾಲೆಗಳಿಗೆ 11 ಮತ್ತು 12ನೇ ತರಗತಿಯಲ್ಲಿ ಶಿಶು ಪಾಲನೆ ಮತ್ತು ಶಿಕ್ಷಣ ಎಂಬ ಕೌಶಲ ವಿಷಯವೇ ಲಭ್ಯವಿದೆ. ಪಿಯುಸಿ ನಂತರ ಎರಡು ವರ್ಷದ ಡಿ.ಇಎಲ್.ಇಡಿ. ಇದೆ, ಮಾಹಿತಿಗೆ ಹಾಸನ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ಗೆ ಹೋಗಿ ಬನ್ನಿ. ಪದವಿ ಬೇಕೆನ್ನುವವರಿಗೆ ಹೊಳೆನರಸೀಪುರದ ಸರ್ಕಾರಿ ಗೃಹ ವಿಜ್ಞಾನ ಕಾಲೇಜು ಹತ್ತಿರದಲ್ಲಿದೆ. ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಪದವಿಯಲ್ಲಿ ಮೂರರಿಂದ ಎಂಟು ವರ್ಷದ ಬುನಾದಿ ಹಂತಕ್ಕೇ ಪ್ರತ್ಯೇಕ ವಿಭಾಗವಿದ್ದು, ಪ್ರವೇಶಕ್ಕೆ ರಾಷ್ಟ್ರಮಟ್ಟದ ಎನ್‌ಸಿಇಟಿ ಪರೀಕ್ಷೆ ಬರೆಯಬೇಕು. ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಹೆಸರಿನಲ್ಲಿ ಕೆಲವೇ ತಿಂಗಳ ಕೋರ್ಸ್ ನಡೆಸುವ ಸಂಸ್ಥೆಗಳಿಗೆ ಶುಲ್ಕ ಕಟ್ಟುವ ಮುನ್ನ ಮಾನ್ಯತೆ ಪತ್ರವನ್ನು ಕೇಳಿ, ಕಣ್ಣಾರೆ ನೋಡಿ.

ಸಂಪಾದನೆಯ ವಿಷಯವನ್ನು ಮುಚ್ಚಿಡಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಗೌರವಧನ, ಸರ್ಕಾರಿ ವೇತನವಲ್ಲ. ಅವರು ಗ್ರಾಚ್ಯುಟಿಗೆ (ಸೇವೆ ಮುಗಿದಾಗ ಕೊಡುವ ಇಡಿಗಂಟಿಗೆ) ಅರ್ಹರು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಗೌರವಧನ ಹೆಚ್ಚಳಕ್ಕಾಗಿ ಅವರ ಹೋರಾಟ ನಡೆದೇ ಇದೆ, ಅದು ನ್ಯಾಯವಾದ ಹೋರಾಟ. ಇತ್ತೀಚಿನ ಅಧಿಸೂಚನೆಗಳಲ್ಲಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್‌ಎಸ್‌ಎಲ್‌ಸಿ ಕೇಳುತ್ತಾರೆ, ಅರ್ಜಿದಾರರು ಅದೇ ಊರಿನ ವಾಸಿಗಳಾಗಿರಬೇಕು. ಆದ್ದರಿಂದ ಹತ್ತನೇ ತರಗತಿಯ ಫಲಿತಾಂಶ ಬಂದ ವಾರವೇ ಪೋಷಕರನ್ನು ಕೂರಿಸಿಕೊಂಡು ಈ ಎಲ್ಲ ದಾರಿಗಳನ್ನು, ಪ್ರತಿಯೊಂದಕ್ಕೂ ತಗಲುವ ವರ್ಷ ಮತ್ತು ಖರ್ಚಿನ ಸಮೇತ, ಒಂದು ಹಾಳೆಯಲ್ಲಿ ಬರೆದು ಕೊಡಿ. ಆ ಮಾತುಕತೆಯಲ್ಲಿ ವಿದ್ಯಾರ್ಥಿಯ ನೋಟ್‌ಬುಕ್ ಕೂಡ ಮೇಜಿನ ಮೇಲಿರಲಿ. ತಮ್ಮ ಮಗಳೋ ಮಗನೋ ಏನನ್ನು ಕಲಿತಿದ್ದಾರೆ ಎಂಬುದನ್ನು ಅಪ್ಪ–ಅಮ್ಮ ಅದರಲ್ಲಿ ಓದಿ ನೋಡಬಹುದು.