ಸಹಜವೆಂದು ಬಂದ ಕಾರ್ಟಿಸೋಲ್ ವರದಿಯ ನಂತರ

ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲ ವಸೂಲಾತಿಯ ಹೊಣೆ ನನ್ನ ಮೇಲೆ ಬಿದ್ದ ವರ್ಷ, ಮಾರ್ಚ್ ಕ್ಲೋಸಿಂಗ್ ಮುಗಿದ ಮೇಲೂ ಬಾಕಿ ಖಾತೆಗಳ ಪಟ್ಟಿ ರಾತ್ರಿ 11 ಗಂಟೆಯವರೆಗೆ ಫೋನಿಗೆ ಬರುತ್ತಲೇ ಇತ್ತು. ನಸುಕಿನ ಮೂರಕ್ಕೆ ಎದೆ ಹೊಡೆದುಕೊಂಡು ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಜುಲೈ ಹೊತ್ತಿಗೆ ಸತತ ಮೂರು ತಿಂಗಳು ಮುಟ್ಟಾಗಿರಲಿಲ್ಲ. ಆಗ ನನಗೆ 38 ವರ್ಷ.

ಗರ್ಭ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ಬೆಳಗ್ಗೆ 8 ಗಂಟೆಗೆ ಕೊಟ್ಟ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕೂಡ ಸಹಜ ಮಿತಿಯಲ್ಲೇ ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮಾತ್ರ ಶೇ 5.9 ಇತ್ತು, 5.7ರಿಂದ 6.4ರವರೆಗೆ ಅದು ಮಧುಮೇಹದ ಪೂರ್ವಸ್ಥಿತಿ.

ಕಾರ್ಟಿಸೋಲ್ ಸರಿಯಿದೆ ಎಂದರೆ ಒತ್ತಡ ಕಾರಣವಲ್ಲವೇ ಎಂದು ವೈದ್ಯರನ್ನು ಕೇಳಿದೆ. ಈ ಹಾರ್ಮೋನು ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ, ನಡುರಾತ್ರಿಯ ಸುಮಾರಿಗೆ ತೀರ ಇಳಿಯುತ್ತದೆ, ಬೆಳಗಿನ ಒಂದು ಪರೀಕ್ಷೆ, ಅದನ್ನು ಸುರಿಸುವ ಅಡ್ರಿನಲ್ ಗ್ರಂಥಿಯ ರೋಗವನ್ನು ಹುಡುಕಲು ನೆರವಾದೀತೇ ಹೊರತು ತಿಂಗಳುಗಟ್ಟಲೆಯ ಒತ್ತಡವನ್ನು ಅಳೆಯಲಾರದು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಒತ್ತಡದಲ್ಲಿ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು, ಪಿಟ್ಯುಟರಿ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಹಾಗೆ ಸುರಿಯುವ ಕಾರ್ಟಿಸೋಲ್ ಯಕೃತ್ತಿನಿಂದ ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ, ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತದೆ. ಅದೇ ಹೈಪೊಥಲಾಮಸ್‌ನಿಂದ ಅಂಡಾಶಯಕ್ಕೆ ಹೊರಡಬೇಕಾದ ಸಂದೇಶವೂ ಒತ್ತಡದಿಂದ ಕುಗ್ಗುವುದರಿಂದ ಮುಟ್ಟು ತಪ್ಪಬಹುದು. ‘ಅಡ್ರಿನಲ್ ದಣಿವಿಗೆ’ ಎಂದು ಮಾರುವ ಪುಡಿಯೊಂದನ್ನು ನಾನು ಆಗಲೇ ತರಿಸಿದ್ದೆ. ಆ ಹೆಸರಿನ ಕಾಯಿಲೆಯನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ ಎಂದು ತಿಳಿದ ದಿನವೇ ಬಿಟ್ಟೆ.

ಕಾರ್ಟಿಸೋಲ್‌ನ ಇರುಳಿನ ಆ ಇಳಿತಕ್ಕೆ ಅವಕಾಶ ಮಾಡಿಕೊಡುವುದೇ ನನ್ನ ಕೆಲಸ ಎಂದುಕೊಂಡೆ. ರಾತ್ರಿ 8ರ ಮೇಲೆ ಕಚೇರಿಯ ಫೋನು ಹಾಲ್‌ನ ಕಪಾಟಿನಲ್ಲಿ ಉಳಿಯಿತು. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕಾಗುವುದರಿಂದ ಮಧ್ಯಾಹ್ನ 2ರ ನಂತರದ ಚಹಾ ನಿಲ್ಲಿಸಿದೆ. ಬೆಳಗ್ಗೆ ಬಿಸಿಲು ಮೂಡುವಾಗ ಉಣಕಲ್ ಕೆರೆಯ ದಂಡೆಯಲ್ಲಿ ನಡೆದೆ. ಮಲಗಿದ, ಎದ್ದ ವೇಳೆಯನ್ನೂ ಮುಟ್ಟಿನ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಆರು ವಾರಗಳಾದರೂ ನೋಟ್‌ಬುಕ್ಕಿನಲ್ಲಿ ನಸುಕಿನ ಮೂರೇ ಕಾಣುತ್ತಿತ್ತು, ಏಕೆಂದರೆ ಹಗಲಿನ ಹೊರೆ ಹಾಗೇ ಇತ್ತು. ಆ ಪುಟಗಳನ್ನೂ ವೈದ್ಯರ ಚೀಟಿಯನ್ನೂ ಹಿಡಿದುಕೊಂಡು ಮೇಲಧಿಕಾರಿಗಳ ಮುಂದೆ ಕುಳಿತು, ವಸೂಲಾತಿಗೆ ಇನ್ನೊಬ್ಬ ಅಧಿಕಾರಿ ಬೇಕೆಂದು ಲಿಖಿತವಾಗಿ ಕೇಳಿದೆ. ಅದನ್ನು ಕೇಳಲು ನನಗೆ ನಡಿಗೆಗಿಂತ ಹೆಚ್ಚು ಧೈರ್ಯ ಬೇಕಾಯಿತು. ಸೆಪ್ಟೆಂಬರ್ ಕೊನೆಗೆ ಕೆಲಸ ಹಂಚಿಕೆಯಾಯಿತು, ದೀಪಾವಳಿಯ ಹೊತ್ತಿಗೆ ಬೆಳಗಿನ ಐದರವರೆಗೆ ನಿದ್ದೆ ಬರತೊಡಗಿತು, ಡಿಸೆಂಬರಿನಲ್ಲಿ ಮುಟ್ಟು ಮರಳಿತು. ಜನವರಿಯ ಎಚ್‌ಬಿಎ1ಸಿ 5.6 ಬಂತು.