ಪುಟ್ಟ ಮಗುವಿಗೆ ಚಿಕನ್ ಪಾಕ್ಸ್: ಕ್ರೀಮ್ ಆಮೇಲೆ, ಮೊದಲು ಉಗುರು ಕತ್ತರಿಸಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬಡಾವಣೆಯ ಒಂದೆರಡು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಬಿದ್ದಿರುತ್ತದೆ. ಆ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಅಜ್ಜಿ ಸ್ನಾನ ನಿಲ್ಲಿಸುತ್ತಾರೆ, ಅಪ್ಪ ಮೆಡಿಕಲ್ ಸ್ಟೋರಿನಿಂದ ಮೂರು ಬಗೆಯ ಕ್ರೀಮು ತರುತ್ತಾರೆ, ಅಮ್ಮ ರಾತ್ರಿಯಿಡೀ ಮಗುವಿನ ಕೈ ಹಿಡಿದು ಕೂರುತ್ತಾಳೆ. ಆರೋಗ್ಯವಾಗಿರುವ ಒಂದರಿಂದ ನಾಲ್ಕು ವರ್ಷದ ಮಗುವಿಗೆ ಈ ಕಾಯಿಲೆ ಹೆಚ್ಚಿನ ಸಲ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಎಡವಟ್ಟಾಗುವುದು ಎರಡು ಕಡೆ: ಜ್ವರದ ಔಷಧಿಯ ಅಳತೆಯಲ್ಲಿ ಮತ್ತು ತುರಿಕೆಯಲ್ಲಿ.

1. ಮೊದಲು ಅದು ಚಿಕನ್ ಪಾಕ್ಸ್ ಹೌದೋ ಅಲ್ಲವೋ ನೋಡಿ

ದೊಡ್ಡವರಿಗಾದರೆ ಒಂದೆರಡು ದಿನ ಮೊದಲೇ ಜ್ವರ, ಮೈಕೈ ನೋವು ಬರುತ್ತದೆ. ಪುಟ್ಟ ಮಕ್ಕಳಲ್ಲಿ ಎಷ್ಟೋ ಸಲ ಮೊದಲು ಕಾಣುವುದೇ ಗುಳ್ಳೆ. ಎದೆ, ಬೆನ್ನು, ಹೊಟ್ಟೆ, ಮುಖದ ಮೇಲೆ ಸೊಳ್ಳೆ ಕಚ್ಚಿದಂಥ ಚುಕ್ಕೆ ಬೀಳುತ್ತದೆ. ಬೆಳಿಗ್ಗೆ ಬರೀ ಚುಕ್ಕೆಯಾಗಿದ್ದದ್ದು ಸಂಜೆಯೊಳಗೆ ಉಬ್ಬಿ, ತಿಳಿನೀರು ತುಂಬಿಕೊಂಡು, ಎಲೆಯ ಮೇಲೆ ಕೂತ ಇಬ್ಬನಿ ಹನಿಯಂತೆ ಹೊಳೆಯಬಹುದು. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ.

ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಒಂದೇ. ಮಗುವಿನ ಬೆನ್ನಿನಲ್ಲಿ ನಿಮ್ಮ ಅಂಗೈಯಷ್ಟು ಜಾಗ ಆರಿಸಿಕೊಳ್ಳಿ. ಅಷ್ಟರಲ್ಲೇ ಹೊಸ ಚುಕ್ಕೆ, ಉಬ್ಬು, ನೀರುಗುಳ್ಳೆ, ಒಣಗಿದ ಹಕ್ಕಳೆ ಇವೆಲ್ಲ ಒಟ್ಟೊಟ್ಟಿಗೆ ಕಂಡರೆ ಅದು ಬಹುತೇಕ ಚಿಕನ್ ಪಾಕ್ಸೇ. ಮೂರರಿಂದ ಐದು ದಿನ ಹೊಸ ಹೊಸ ಗುಳ್ಳೆ ಏಳುತ್ತಲೇ ಇರುತ್ತವೆ, ಹಳೆಯವು ಒಣಗುತ್ತಲೇ ಇರುತ್ತವೆ. ತಲೆಗೂದಲು ಸರಿಸಿಯೂ ನೋಡಿ. ಸೊಳ್ಳೆ ಬನಿಯನ್ನಿನೊಳಗೂ ತಲೆಗೂದಲ ನಡುವೆಯೂ ಹೀಗೆ ಕಚ್ಚುವುದಿಲ್ಲ.

ಗುಳ್ಳೆಗಳು ಅಂಗೈ, ಅಂಗಾಲು, ಬಾಯೊಳಗೆ, ಕುಂಡಿಯ ಮೇಲೆ ಹೆಚ್ಚಾಗಿದ್ದು ಎದೆ, ಬೆನ್ನು ಚೊಕ್ಕಟವಾಗಿದ್ದರೆ ಅದು ಹ್ಯಾಂಡ್ ಫೂಟ್ ಮೌತ್ ಕಾಯಿಲೆ ಇರಬಹುದು. ಪ್ಲೇ ಹೋಮ್ ಮಕ್ಕಳಲ್ಲಿ ಇವೆರಡನ್ನೂ ಅದಲು ಬದಲು ಮಾಡಿಕೊಳ್ಳುವವರು ಬಹಳ. ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು ಮೂರು ನಾಲ್ಕು ದಿನ ಇದ್ದು, ಆಮೇಲೆ ಮುಖದಿಂದ ಕೆಳಕ್ಕೆ ನೀರಿಲ್ಲದ ದದ್ದು ಇಳಿದರೆ ಅದು ದಡಾರ. ಚಿಕನ್ ಪಾಕ್ಸ್ ಲಸಿಕೆ ಹಾಕಿಸಿಕೊಂಡ ಮಗುವಿಗೂ ಕೆಲವೊಮ್ಮೆ ಇದು ಬರುತ್ತದೆ. ಆಗ ಐವತ್ತಕ್ಕಿಂತ ಕಡಿಮೆ ಚುಕ್ಕೆ ಬಿದ್ದು, ನೀರೇ ತುಂಬದೆ ಹೋಗಬಹುದು. ಅದನ್ನು ಡಾಕ್ಟರೇ ನೋಡಿ ಹೇಳಬೇಕು.

2. ಕ್ಲಿನಿಕ್ಕಿಗೆ ಓಡಬೇಡಿ, ಫೋನ್ ಮಾಡಿ

ಈ ವೈರಾಣು ಗಾಳಿಯಲ್ಲೂ ಹರಡುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಹಿಡಿದು ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ಅಂಟುತ್ತದೆ. ಕಾಯುವ ಕೋಣೆಯಲ್ಲಿ ತುಂಬು ಬಸುರಿಯ ಪಕ್ಕ ನಿಮ್ಮ ಮಗುವನ್ನು ಕೂರಿಸುವ ಬದಲು, ಫೋನ್ ಮಾಡಿ ಕೊನೆಯ ಸಮಯ ಕೇಳಿ. ಆದರೆ ಫೋನ್ ಮೊದಲ ದಿನವೇ ಆಗಲಿ: ವೈರಾಣು ತಗ್ಗಿಸುವ ಅಸೈಕ್ಲೊವಿರ್ ಔಷಧಿ ಎಲ್ಲ ಮಕ್ಕಳಿಗೂ ಬೇಕಿಲ್ಲ, ಬೇಕಾದವರಿಗೆ ಗುಳ್ಳೆ ಕಂಡ 24 ಗಂಟೆಯೊಳಗೆ ಶುರು ಮಾಡಿದರೆ ಉಪಯೋಗ ಹೆಚ್ಚು. ಮಗು ಒಂದು ವರ್ಷದೊಳಗಿನದಾಗಿದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆಯಿದ್ದರೆ ಅದೇ ದಿನ ತೋರಿಸಲೇಬೇಕು.

ಮನೆಗೆ ಬಂದು ಹೋದ ಬಸುರಿಯರಿಗೆ, ಎಳೆ ಬಾಣಂತಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಸುದ್ದಿ ಮುಟ್ಟಿಸಿ. "ಅಮ್ಮ ಬಂದಾಗ ಯಾರ ಮನೆಗೂ ಹೋಗಬಾರದು, ಯಾರೂ ಬರಬಾರದು" ಎಂಬ ಹಿರಿಯರ ಕಟ್ಟಳೆಯನ್ನು ನಾನಂತೂ ಪೂರ್ತಿ ಒಪ್ಪುತ್ತೇನೆ.

ಲಸಿಕೆ ಹಾಕಿಸಿಕೊಳ್ಳದ ಅಣ್ಣನೋ ತಂಗಿಯೋ ಮನೆಯಲ್ಲಿದ್ದರೆ ಆ ಮಾತನ್ನೂ ಅದೇ ಫೋನಿನಲ್ಲಿ ಎತ್ತಿ. ಸೋಂಕು ತಗುಲಿದ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪುವ ಅಥವಾ ಹಗುರಾಗುವ ಅವಕಾಶ ಇದೆ. "ನಾವು ಎಲ್ಲ ಇಂಜೆಕ್ಷನ್ ಹಾಕಿಸಿದ್ದೇವೆ" ಎನ್ನುವವರು ಕಾರ್ಡು ತೆಗೆದು ನೋಡಬೇಕು. ಸರ್ಕಾರದ ಉಚಿತ ಪಟ್ಟಿಯಲ್ಲಿರುವುದು ದಡಾರ-ರುಬೆಲ್ಲಾ ಲಸಿಕೆ. ಚಿಕನ್ ಪಾಕ್ಸ್‌ನದು ಅದರಲ್ಲಿಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವುದು ಎರಡು ಡೋಸ್: 15ನೇ ತಿಂಗಳಲ್ಲಿ ಒಂದು, 18-19ನೇ ತಿಂಗಳಲ್ಲಿ ಇನ್ನೊಂದು. ಏನೂ ಹಾಕಿಸದಿದ್ದರೆ, ಸೋಂಕು ತಗುಲಿದ 10ರಿಂದ 21 ದಿನದೊಳಗೆ ಎರಡನೇ ಮಗುವೂ ಮಲಗುವ ಸಂಭವವೇ ಹೆಚ್ಚು. ಆ ಮಗುವಿಗೆ ಗುಳ್ಳೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಜಾಸ್ತಿ.

3. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ

ಆಸ್ಪಿರಿನ್ ಬೇಡವೇ ಬೇಡ. ಚಿಕನ್ ಪಾಕ್ಸ್ ಇರುವ ಮಗುವಿಗೆ ಅದು ಮಿದುಳು, ಯಕೃತ್ತಿಗೆ ಕುತ್ತು ತರುವ ರೇ ಸಿಂಡ್ರೋಮ್‌ಗೆ ದಾರಿ ಮಾಡಬಹುದು. ಐಬುಪ್ರೊಫೆನ್ ಕೂಡ ಬೇಡ, ಗುಳ್ಳೆಗಳ ಮೂಲಕ ಬ್ಯಾಕ್ಟೀರಿಯಾ ಸೋಂಕು ಆಳಕ್ಕೆ ಇಳಿಯುವ ಅಪಾಯ ಅದರೊಂದಿಗೆ ತಳುಕು ಹಾಕಿಕೊಂಡಿದೆ. "ಬೇಗ ಇಳಿಯುತ್ತೆ ಮೇಡಂ" ಎಂದು ಅಂಗಡಿಯವರು ಕೊಡುವ ಜೋಡಿ ಔಷಧಿಯ ಸಿರಪ್‌ಗಳಲ್ಲಿ ಇದೇ ಅಡಗಿರುತ್ತದೆ. ಲೇಬಲ್ ಓದಿ.

ಇನ್ನು ಅಳತೆ. ಪ್ಯಾರಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ಅಂದರೆ 10 ಕೆಜಿ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ನಮ್ಮ ಅಂಗಡಿಗಳಲ್ಲಿ 5 ಎಂ.ಎಲ್‌.ಗೆ 120 ಮಿಲಿಗ್ರಾಂನ ಸಿರಪ್ ಇದೆ, 250ರದ್ದೂ ಇದೆ, ಇವೆರಡೂ ಸಾಲದು ಎಂಬಂತೆ 1 ಎಂ.ಎಲ್‌.ಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಇದೆ. ಅದೇ 150 ಮಿಲಿಗ್ರಾಂ ಮೊದಲನೆಯದರಲ್ಲಿ 6 ಎಂ.ಎಲ್‌.ಗೆ ಚೂರು ಮೇಲೆ, ಎರಡನೆಯದರಲ್ಲಿ 3 ಎಂ.ಎಲ್., ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ ಎಂ.ಎಲ್. "ಹೋದ ಸಲ ಆರು ಎಂ.ಎಲ್. ಕೊಟ್ಟಿದ್ವಿ" ಎಂಬ ನೆನಪಿನ ಮೇಲೆ ಡ್ರಾಪ್ಸ್ ಸುರಿದರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ. ಬಾಟಲಿಯ ಫೋಟೊ ಡಾಕ್ಟರಿಗೆ ಕಳಿಸಿ ಅಳತೆ ಕೇಳಿ. ಮುಚ್ಚಳ, ಚಮಚ ಎರಡನ್ನೂ ಬದಿಗಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ನಡುವೆ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಅಜ್ಜಿ ಒಂದು ಸಲ, ಅಮ್ಮ ಒಂದು ಸಲ ಕೊಟ್ಟಿರುತ್ತಾರೆ.

4. ತುರಿಕೆ: ಎರಡನೆಯ ರಾತ್ರಿಯಿಂದ ಐದನೆಯ ರಾತ್ರಿಯವರೆಗೆ

ಕಲೆ ಉಳಿಯುವುದು ಬಹುಮಟ್ಟಿಗೆ ಕೆರೆದ ಗುಳ್ಳೆಯಲ್ಲಿ, ಸೋಂಕಾದ ಗುಳ್ಳೆಯಲ್ಲಿ. ಅದಕ್ಕೇ ಮೊದಲ ಕೆಲಸ ಉಗುರು. ಮಗು ನಿದ್ದೆ ಹೋದ ಮೇಲೆ ಗಿಡ್ಡಕ್ಕೆ ಕತ್ತರಿಸಿ, ಆಮೇಲೆ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಬರೀ ಕತ್ತರಿಸಿ ಬಿಟ್ಟರೆ ಮೊನೆ ಹಾಗೇ ಉಳಿಯುತ್ತದೆ. ನಿಮ್ಮ ಬೆರಳಿನಿಂದ ಅದರ ಉಗುರನ್ನು ಸವರಿ ನೋಡಿ, ಚುಚ್ಚಬಾರದು. ಕೈ ದಿನಕ್ಕೆ ನಾಲ್ಕಾರು ಸಲ ಸೋಪಿನಿಂದ ತೊಳೆಯಲಿ.

ಕೈಗೆ ಸಾಕ್ಸ್ ಹಾಕಿ ಎನ್ನುತ್ತಾರೆ. ಎರಡು ವರ್ಷದ ಮಗು ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಹಾಕುತ್ತದೆ. ಅದಕ್ಕಿಂತ ಒಂದು ಸೈಜ್ ದೊಡ್ಡ ತುಂಬುತೋಳಿನ ತೆಳು ಹತ್ತಿ ಅಂಗಿ ವಾಸಿ, ತೋಳು ಬೆರಳು ದಾಟಿ ಇಳಿಬಿದ್ದಿರುತ್ತದೆ. ಹಾಸಲು ಸವೆದ ಪಂಚೆಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಸೆಕೆ ಹೆಚ್ಚಿದಷ್ಟೂ ತುರಿಕೆ ಹೆಚ್ಚು. ಆದರೆ "ಗಾಳಿ ಸೋಕಬಾರದು" ಎಂದು ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕಂಬಳಿ ಹೊದಿಸುವ ಮನೆಗಳಿವೆ. ಫ್ಯಾನ್ ಹಾಕಿ.

ಸ್ನಾನವನ್ನೂ ನಿಲ್ಲಿಸಬೇಡಿ. ತಲೆಗೆ ನೀರು ಹಾಕುವ ಶಾಸ್ತ್ರವನ್ನು ಅದರ ದಿನಕ್ಕೇ ಮಾಡಿ, ಮೈಗೆ ಮಾತ್ರ ದಿನವೂ ನೀರು ಬೀಳಲಿ. ಮೊಣಕೈ ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಐದು ಹತ್ತು ನಿಮಿಷ ಸಾಕು. ಉಜ್ಜುವುದು ಬೇಡ, ಟವೆಲಿನಿಂದ ಒತ್ತಿ ಒತ್ತಿ ಒರೆಸಿ. ಸಾದಾ ಓಟ್ಸ್ ಒಂದು ಹಿಡಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಟಬ್ಬಿನ ನೀರಿಗೆ ಕದಡಿದರೆ ಕೆಲವು ಮಕ್ಕಳಿಗೆ ಹಾಯೆನಿಸುತ್ತದೆ (ಮಸಾಲಾ ಓಟ್ಸ್ ಅಲ್ಲ, ದಯವಿಟ್ಟು). ಆಂಟಿಸೆಪ್ಟಿಕ್ ದ್ರವ ಸುರಿಯಬೇಡಿ, ಒಡೆದ ಗುಳ್ಳೆ ಉರಿಯುತ್ತದೆ.

ಬೇವು? ತೊಳೆದ ಸೊಪ್ಪನ್ನು ನೀರಿಗೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಕಡ್ಡಿಸಮೇತ ಮೈಮೇಲೆ ಎಳೆಯಬೇಡಿ. ಎಲೆಯ ಅಂಚು ಗರಗಸ, ಗುಳ್ಳೆ ಒಡೆಯುತ್ತದೆ. ಬೇವು-ಅರಿಸಿನ ಅರೆದು ಮೆತ್ತುವುದು ಬೇಡ. ಅದು ಒಣಗಿ ಬಿಗಿದು ಹಕ್ಕಳೆ ಕೀಳುತ್ತದೆ, ಜೊತೆಗೆ ಸೋಂಕಾಗಿ ಕೆಂಪಾದರೂ ಹಳದಿಯ ಕೆಳಗೆ ಕಾಣುವುದಿಲ್ಲ. ಬೇವಿನೆಣ್ಣೆ ಕುಡಿಸುವುದಂತೂ ವಿಷ. ಚಿಕ್ಕ ಮಕ್ಕಳಿಗೆ ಅದರಿಂದ ವಾಂತಿ, ಫಿಟ್ಸ್ ಬಂದು ಜೀವಕ್ಕೇ ಸಂಚಕಾರವಾದದ್ದಿದೆ.

ಮೈ ಆರಿದ ಮೇಲೆ ಕ್ಯಾಲಮೈನ್ ಲೋಷನ್. ಬಾಟಲಿ ಚೆನ್ನಾಗಿ ಕುಲುಕಿ, ಹತ್ತಿಯಿಂದ ಒಡೆಯದ ಗುಳ್ಳೆಗಳ ಮೇಲೆ ಒತ್ತಿ. ಕಣ್ಣು, ಬಾಯಿಯ ಹತ್ತಿರ ಬೇಡ. ಪದರದ ಮೇಲೆ ಪದರ ಬಳಿಯಬೇಡಿ. ಡೈಫೆನ್‌ಹೈಡ್ರಮಿನ್ ಬೆರೆತ ಕ್ಯಾಲಮೈನ್ ಬಂದರೆ ವಾಪಸ್ ಕೊಡಿ, ಒಡೆದ ಚರ್ಮದ ಮೂಲಕ ಆ ಔಷಧಿ ಮೈಯೊಳಗೆ ಇಳಿಯುತ್ತದೆ. ಗಜಕರ್ಣಕ್ಕೆ ತಂದಿಟ್ಟ ಮೂರು ಔಷಧಿ ಬೆರೆತ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅವನ್ನು ಮುಟ್ಟಲೇಬೇಡಿ. ಇಷ್ಟಾದರೂ ರಾತ್ರಿ ನಿದ್ದೆಯಿಲ್ಲದಿದ್ದರೆ ತುರಿಕೆಯ ಸಿರಪ್ ಡಾಕ್ಟರ್ ಬರೆದುಕೊಡಲಿ, ಅಣ್ಣನ ಶೀತದ ಸಿರಪ್ ಅಲ್ಲ.

ಡೈಪರ್ ಸಾಧ್ಯವಾದಷ್ಟು ಬಿಚ್ಚಿಡಿ. ಉಚ್ಚೆ ಹೊಯ್ಯುವಾಗ ಉರಿಯೆಂದು ಅತ್ತರೆ ಬೆಚ್ಚಗಿನ ನೀರು ಸುರಿಯುತ್ತಾ ಹೊಯ್ಯಿಸಿ.

5. ಊಟ

ಬಾಯೊಳಗೂ ಗುಳ್ಳೆ ಇರುವುದರಿಂದ ಹುಳಿ, ಖಾರ ಬೇಡ. ಮೊಸರನ್ನ, ಗಂಜಿ, ಎಳನೀರು, ಬಾಳೆಹಣ್ಣು ನಡೆಯುತ್ತದೆ. ಉಪ್ಪು, ಹಾಲು, ಎಣ್ಣೆ ಬಿಡಿಸಿ ಪಥ್ಯ ಮಾಡಿಸಬೇಡಿ. ಎದೆಹಾಲು ಕುಡಿಯುವ ಮಗು ಕುಡಿಯಲಿ.

6. ಇವು ಕಂಡರೆ ತಡಮಾಡದೆ ಆಸ್ಪತ್ರೆ

ಜ್ವರ ನಾಲ್ಕು ದಿನ ದಾಟಿದರೆ. ಬಿಟ್ಟ ಜ್ವರ ಮತ್ತೆ ಏರಿದರೆ. ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಹರಡಿ, ಬಿಸಿಯಾಗಿ, ಮುಟ್ಟಿದರೆ ಮಗು ಚೀರಿದರೆ, ಕೀವು ಬಂದರೆ. ಉಸಿರಾಟ ಬಿರುಸಾದರೆ. ಎಬ್ಬಿಸಿದರೂ ಏಳದಷ್ಟು ಮಂಪರು, ಬಿಡದ ವಾಂತಿ, ಫಿಟ್ಸ್, ಬಿಗಿದ ಕುತ್ತಿಗೆ. ಕಣ್ಣೊಳಗೆ ಗುಳ್ಳೆ ಬಂದರೆ, ಗುಳ್ಳೆಯಲ್ಲಿ ರಕ್ತ ಕಂಡರೆ. ಎಂಟು ಗಂಟೆ ಉಚ್ಚೆ ಹೋಗದಿದ್ದರೆ. ಇನ್ನೊಂದನ್ನು ಜನ ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ: ಚೆನ್ನಾಗಿ ನಡೆಯುತ್ತಿದ್ದ ಮಗು ಗುಳ್ಳೆ ಒಣಗುವ ಹೊತ್ತಿಗೆ ತೂರಾಡುತ್ತಾ ಹೆಜ್ಜೆಯಿಟ್ಟರೆ ಅದು ಸುಸ್ತಲ್ಲ. ಮಿದುಳಿನ ಹಿಂಭಾಗಕ್ಕೆ ಊತ ಬಂದಿರಬಹುದು, ಅದೇ ದಿನ ತೋರಿಸಿ.

7. ಹಕ್ಕಳೆ ಉದುರುವ ಕಾಲ

ಹಕ್ಕಳೆ ತಾನಾಗಿ ಉದುರಲಿ. ನೀವೂ ಕೀಳಬೇಡಿ. ಕಲೆ ತೆಗೆಯುವ ಕ್ರೀಮಿಗೆ ಈಗಲೇ ದುಡ್ಡು ಸುರಿಯಬೇಡಿ, ಬರೀ ಬಣ್ಣದ ಕಲೆಗಳು ತಿಂಗಳುಗಳಲ್ಲಿ ಮಾಸುತ್ತವೆ. ಕುಳಿ ಬಿದ್ದವು ಕ್ರೀಮಿಗೆ ಜಗ್ಗುವುದಿಲ್ಲ. ಕೊನೆಯ ಗುಳ್ಳೆಯೂ ಒಣಗಿ ಹೊಸದು ಏಳುವುದು ನಿಂತ ಮೇಲೆ ಅಂಗನವಾಡಿಗೋ ಪ್ಲೇ ಹೋಮಿಗೋ ಕಳಿಸಬಹುದು. ಹಕ್ಕಳೆ ಪೂರ್ತಿ ಉದುರುವವರೆಗೆ ಕಾಯಬೇಕಿಲ್ಲ. ಟೀಚರಿಗೆ ಮಾತ್ರ ಮೊದಲ ದಿನವೇ ಹೇಳಿರಬೇಕು, ಆ ತರಗತಿಯಲ್ಲಿ ಲಸಿಕೆಯಾಗದ ಮಕ್ಕಳ ಮನೆಯವರಿಗೂ ಲಸಿಕೆ ಹಾಕಿಸಲು ಇರುವ ಆ ಮೂರರಿಂದ ಐದು ದಿನದ ಲೆಕ್ಕ ಶುರುವಾಗಿರುತ್ತದೆ.