ಎಂಟು ಜನಕ್ಕೆ ಮುದ್ದೆ–ಬಸ್ಸಾರು: ಗಂಟಾಗದಂತೆ ಮಾಡುವ ಬಗೆ

ಸಾರು ನಿಂತಷ್ಟೂ ರುಚಿ, ಮುದ್ದೆ ಆರಿದಷ್ಟೂ ಗಟ್ಟಿ. ಹಾಗಾಗಿ ನೆಂಟರಿಷ್ಟರು ಬಂದ ದಿನ ಸಾರು, ಪಲ್ಯ ಮೊದಲೇ ಮುಗಿಸಿ ಇಡಿ. ಮುದ್ದೆಗೆ ಎಸರಿಡುವುದು ಊಟಕ್ಕೆ ಅರ್ಧ ಗಂಟೆ ಇರುವಾಗ. ಇಲ್ಲಿರುವ ಅಳತೆ ಎಂಟು ಜನಕ್ಕೆ. ಲೋಟ ಎಂದರೆ 200 ಮಿ.ಲೀ.

ಬಸ್ಸಾರಿಗೆ 300 ಗ್ರಾಂ ಹೆಸರುಕಾಳು, ಬಿಡಿಸಿ ತೊಳೆದ ಸೊಪ್ಪು ಅರ್ಧ ಕಿಲೋ ಬೇಕು. ದಂಟು, ಕೀರೆ, ಸಬ್ಬಸಿಗೆ ಬೆರೆಸಿದರೆ ಒಳ್ಳೆಯದು. ಪಾಲಕ್ ಒಂದನ್ನೇ ಹಾಕಿದರೆ ಕರಗಿಹೋಗಿ ಪಲ್ಯಕ್ಕೆ ಏನೂ ಉಳಿಯದು. ಮೆಂತ್ಯ ಒಂದು ಹಿಡಿ ದಾಟಿದರೆ ಸಾರು ಕಹಿ. ಎರಡೂವರೆ ಲೀಟರ್ ನೀರು ಕುದಿಸಿ ಕಾಳು ಹಾಕಿ. ಇಪ್ಪತ್ತೈದು ನಿಮಿಷದ ಹೊತ್ತಿಗೆ ಕಾಳು ಹಿಚುಕಿದರೆ ಮೆತ್ತಗಿರಬೇಕು, ಸಿಪ್ಪೆ ಒಡೆದಿರಬಾರದು. ಆಗ ಸೊಪ್ಪು, ಎರಡು ಚಮಚ ಉಪ್ಪು ಹಾಕಿ, ಮುಚ್ಚಳ ಮುಚ್ಚದೆ ಆರೇಳು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ನೀರೇ ಕಟ್ಟು, ಸಾರಿನ ಜೀವ. ಕುಕ್ಕರಿನಲ್ಲಿ ಕೂಗಿಸಿದರೆ ಕಾಳು ಒಡೆದು ಕಟ್ಟು ಗಂಜಿಯಂತಾಗುತ್ತದೆ. ಅದು ಬಸ್ಸಾರಲ್ಲ, ಮಸ್ಸೊಪ್ಪು.

ಮಸಾಲೆಗೆ ಎರಡು ಚಮಚ ಎಣ್ಣೆಯಲ್ಲಿ 10 ಬ್ಯಾಡಗಿ, 4 ಗುಂಟೂರು ಮೆಣಸಿನಕಾಯಿ, ಎರಡು ದೊಡ್ಡ ಚಮಚ ಧನಿಯಾ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಟೊಮೆಟೊ ಬಾಡಿಸಿ. ಅರ್ಧ ಹೋಳು ತೆಂಗಿನತುರಿ, ನಿಂಬೆಗಾತ್ರದ ಹುಣಸೆ, ಜೊತೆಗೆ ಬೆಂದ ಕಾಳು–ಸೊಪ್ಪು ಎರಡು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಆ ಎರಡು ಸೌಟು ಮರೆತರೆ ಸಾರು ನೀರಾಗಿ, ಮಸಾಲೆ ತಳ ಸೇರುತ್ತದೆ. ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಕುದಿಸಿ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಕಟ್ಟಿನಲ್ಲಿ ಆಗಲೇ ಉಪ್ಪಿದೆ, ರುಚಿ ನೋಡದೆ ಮತ್ತೆ ಹಾಕಬೇಡಿ. ಉಳಿದ ಕಾಳು–ಸೊಪ್ಪಿಗೆ ಈರುಳ್ಳಿ, ಒಣಮೆಣಸಿನ ಒಗ್ಗರಣೆ ಹಾಕಿ, ಕಾಯಿ ಉದುರಿಸಿದರೆ ಪಲ್ಯ.

ಇನ್ನು ಮುದ್ದೆ. ಮಂಡ್ಯದ ಕಡೆ ಇದಕ್ಕೆ ‘ಹಿಟ್ಟು’ ಎಂದೇ ಹೆಸರು. ಒಂದು ಅಳತೆ ರಾಗಿಹಿಟ್ಟಿಗೆ ಎರಡು ಅಳತೆ ನೀರು. ಎಂಟು ಮುದ್ದೆಗೆ ನಾಲ್ಕು ಲೋಟ ಹಿಟ್ಟು, ಎಂಟು ಲೋಟ ನೀರು. ದಪ್ಪ ತಳದ, ಕಿರಿದು ಬಾಯಿಯ ಪಾತ್ರೆ, ಗಟ್ಟಿ ಮರದ ಕೋಲು ಬೇಕು. ತೆಳು ಅಲ್ಯೂಮಿನಿಯಂ ಪಾತ್ರೆ ತಳ ಹಿಡಿಯುತ್ತದೆ, ತೊಳಸುವಾಗ ತಿರುಗುತ್ತದೆ.

ನೀರಿಗೆ ಚಿಟಿಕೆ ಉಪ್ಪು ಹಾಕಿ ಕಾಯಲಿಡಿ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹುಯ್ದರೆ ಎಸರು ತೆಳ್ಳನೆಯ ಅಂಬಲಿಯಾಗುತ್ತದೆ. ಅದು ಉಕ್ಕುವಾಗ ಅರ್ಧ ಲೋಟ ಪಕ್ಕಕ್ಕೆ ತೆಗೆದಿಟ್ಟು, ಉಳಿದ ಹಿಟ್ಟನ್ನೆಲ್ಲ ನಡುವಿಗೆ ಗುಡ್ಡೆಯಾಗಿ ಒಮ್ಮೆಲೇ ಸುರಿಯಿರಿ. ಕಲಕಬೇಡಿ. ಹೊಸಬರು ತಪ್ಪುವುದು ಇಲ್ಲೇ: ಕೈ ಸುಮ್ಮನಿರದೆ ತಿರುವಿದರೆ ಒಣಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿಕೊಳ್ಳುತ್ತದೆ, ಒಳಗೆ ನೀರು ಹೋಗದೆ ಗಂಟಾಗುತ್ತದೆ. ಕೋಲನ್ನು ಗುಡ್ಡೆಯ ನಡುವೆ ತಳದವರೆಗೆ ಇಳಿಸಿ ತೂತು ಮಾಡಿದರೆ ಎಸರು ಅದರೊಳಗಿಂದ ಬುಳುಬುಳು ಮೇಲೆ ಬಂದು ಹಿಟ್ಟನ್ನು ನೆನೆಸುತ್ತದೆ. ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಹಾಗೇ ಬಿಡಿ.

ಆಮೇಲೆ ಪಾತ್ರೆ ಇಳಿಸಿ, ಕಾಲಿನ ನಡುವೆಯೋ ಕವೆಗೋಲಿನಿಂದಲೋ ಬಿಗಿಯಾಗಿ ಹಿಡಿದು ತೊಳಸಿ. ಬರೀ ಸುತ್ತು ತಿರುಗಿಸಿದರೆ ಸಾಲದು, ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಉಜ್ಜಬೇಕು. ಗಟ್ಟಿ ಎನಿಸಿದರೆ ತೆಗೆದಿಟ್ಟ ಅಂಬಲಿಯನ್ನು ಬಿಸಿ ಮಾಡಿ ಎರಡೆರಡು ಚಮಚ ಚಿಮುಕಿಸಿ. ಮೆತ್ತಗಾದರೆ ಒಣಹಿಟ್ಟು ಮಾತ್ರ ಬೇಡ. ಅದು ಬೇಯದೆ ಹಸಿಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಳ ತೆರೆದು ನೀರು ಇಂಗಿಸಿ. ಗಂಟು ಹೋದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಹಬೆಯಾಡಲಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟದೆ, ಮೇಲ್ಮೈ ಮಿರುಗಿದರೆ ಬೆಂದಿದೆ. ಬಿಳಿ ಚುಕ್ಕೆ ಕಂಡರೆ ಇನ್ನೂ ಹಸಿ, ತಿಂದರೆ ಗಂಟಲಿಗೆ ಅಂಟುತ್ತದೆ.

ನೀರು ಸವರಿದ ಮಣೆ ಮೇಲೆ ಹಾಕಿ, ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಿ. ಆರಿದರೆ ಬಿರುಕು ಬಿಡುತ್ತದೆ. ಊಟಕ್ಕೆ ಹೊಸಬರಿದ್ದರೆ ಒಂದು ಮಾತು ಹೇಳಿ: ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

ಮುದ್ದೆ ಉಳಿದರೆ ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಕಿವುಚಿ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕುಡಿಯಿರಿ. ಸಾರು ಉಳಿದರೆ ಮಲಗುವ ಮುಂಚೆ ಒಮ್ಮೆ ಕುದಿಸಿಟ್ಟು, ಪೂರ್ತಿ ಆರುವವರೆಗೆ ಮುಚ್ಚಬೇಡಿ. ಹಬೆ ನೀರು ಬಿದ್ದರೆ ಬೆಳಿಗ್ಗೆಗೆ ಹಳಸಿರುತ್ತದೆ.